ಚೂಟಿಯ ಕಸ್ಟಡಿ

"ಮೇಡಂ, ಸುತ್ತಿಗೆ ಬಚ್ಚಿಟ್ಟಿದ್ದು ನಾನೇ! ಆದ್ರೆ ಅವತ್ತೇ ವಾಪಸ್ ಇಟ್ಬಿಟ್ಟೆ. ನನ್ನನ್ನ ಕಸ್ಟಡಿಗೆ ಕೊಡ್ಬೇಡಿ, ಪ್ಲೀಸ್!"

ಚೂಟಿ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಲಾಯರಮ್ಮನ ಟೀ ಲೋಟ ಬಾಯಿಯ ಹತ್ತಿರವೇ ನಿಂತುಬಿಟ್ಟಿತು. ಅಮ್ಮ ಕಣ್ಣು ಕಣ್ಣು ಬಿಟ್ಟಳು.

"ಯಾವ ಸುತ್ತಿಗೆಯೇ?"

"ಸ್ಕೂಲ್ ಬೆಲ್ ಹೊಡೆಯೋದು. ಗೇಮ್ಸ್ ಪೀರಿಯಡ್ ಮುಗೀಬಾರ್ದು ಅಂತ..."

ನಗು ತಡೆಯಲು ಹೋಗಿ ಲಾಯರಮ್ಮನಿಗೆ ಕೆಮ್ಮು ಬಂತು. "ಅದಕ್ಕೂ ಕಸ್ಟಡಿಗೂ ಏನು ಸಂಬಂಧ ಪುಟ್ಟಾ?"

"ಅಮ್ಮ ಫೋನಲ್ಲಿ ಹೇಳ್ತಿದ್ಲು, ಮಗಳ ಕಸ್ಟಡಿ ವಿಷಯ ಲಾಯರ್ ಹತ್ರ ಮಾತಾಡ್ಬೇಕು ಅಂತ. ಕಸ್ಟಡಿ ಅಂದ್ರೆ ಪೊಲೀಸ್ರು ಎಳ್ಕೊಂಡು ಹೋಗೋದು, ಟಿವೀಲಿ ದಿನಾ ತೋರಿಸ್ತಾರೆ ಅಂದ ಪಕ್ಕದ್ಮನೆ ಅಣ್ಣ."

"ಅಯ್ಯೋ ನನ್ನ ಕರ್ಮವೇ!" ಅಮ್ಮ ಹಣೆ ಚಚ್ಚಿಕೊಂಡಳು.

ಅಪ್ಪ ಬೇರೆ ಮನೆ ಮಾಡಿ ಕೆಲವು ತಿಂಗಳಾಗಿತ್ತು. ಅಪ್ಪ ಅಮ್ಮ ಇನ್ನು ಒಟ್ಟಿಗೆ ಇರುವುದಿಲ್ಲ ಎಂಬುದು ಚೂಟಿಗೆ ಗೊತ್ತು. ಅದಕ್ಕೆ ಅಳಬೇಕಾದ್ದನ್ನೆಲ್ಲ ಅತ್ತು ಮುಗಿಸಿದ್ದಳು. ಆದರೆ ತಾನೆಲ್ಲಿರಬೇಕು ಎಂದು ಯಾರೂ ಹೇಳಿರಲಿಲ್ಲ. ಕೇಳಲು ಅವಳಿಗೂ ಧೈರ್ಯವಾಗಿರಲಿಲ್ಲ.

"ಪೊಲೀಸರ ಕಸ್ಟಡಿಯೇ ಬೇರೆ, ಇದೇ ಬೇರೆ," ಎಂದರು ಲಾಯರಮ್ಮ. "ನೀನು ಯಾರ ಮನೇಲಿರ್ಬೇಕು, ನಿನ್ನನ್ನ ಯಾರು ನೋಡ್ಕೋಬೇಕು, ಇನ್ನೊಬ್ಬರ ಹತ್ರ ಯಾವಾಗ ಹೋಗ್ಬೇಕು, ಇದಕ್ಕೂ ಕಸ್ಟಡಿ ಅಂತಾನೇ ಅಂತಾರೆ. ಹಾಳು ಹೆಸರು, ನಾನಿಟ್ಟಿದ್ದಲ್ಲ ಬಿಡು!"

"ಹಾಗಾದ್ರೆ ನೀವು ಜಗಳ ಆಡ್ಸಲ್ವಾ?"

"ನಾನ್ಯಾಕೆ ಆಡಿಸ್ಲಿ? ಎಷ್ಟೋ ಜನ ಚೆನ್ನಾಗಿ ಕಿತ್ತಾಡಿಕೊಂಡೇ ಇಲ್ಲಿಗೆ ಬರೋದು. ಆಗ ನನಗೂ ತಲೆನೋವು, ಮಕ್ಕಳಿಗೂ ಗೋಳು. ನಿಮ್ಮಪ್ಪ ಅಮ್ಮ ಜಾಣರು, ಒಬ್ಬರ ಹತ್ರ ಒಬ್ಬರು ಮಾತು ಬಿಡೋಕೆ ಮೊದಲೇ ಬರ್ತಿದಾರೆ. ಅವರಿಬ್ಬರೂ ಒಪ್ಪಿದ್ದನ್ನ ಬರೆದು ಕೋರ್ಟಿಗೆ ಕೊಡ್ತೀನಿ. ನಾಳೆ ಯಾರೂ 'ನಾನೆಲ್ಲಿ ಹಾಗಂದೆ' ಅಂತ ರಾಗ ಎಳೀಬಾರ್ದಲ್ಲ?"

ಅಷ್ಟರಲ್ಲಿ ಅಪ್ಪ ಏದುಸಿರು ಬಿಡುತ್ತ ಒಳಗೆ ಬಂದ. "ಸಾರಿ, ಬಸ್ ಸಿಗ್ಲಿಲ್ಲ."

"ಕೂತ್ಕೊಳ್ಳಿ. ಪುಟ್ಟಾ, ನೀನು ಸ್ವಲ್ಪ ಹೊರಗಿರು. ಅದಕ್ಕೆ ಮೊದ್ಲು, ನಿಂಗೇನಾದ್ರೂ ಹೇಳೋದಿದ್ಯಾ?"

ಚೂಟಿ ಯೋಚಿಸಿದಳು. "ಎರಡು ಮನೇಲೂ ನಂಗೆ ಒಂದೊಂದು ಟೂತ್‌ಬ್ರಷ್ ಇರ್ಬೇಕು."

ಅಪ್ಪ ಅಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಾಯರಮ್ಮ ಪೆನ್ನು ತೆಗೆದರು. "ಮೊದಲು ಅದನ್ನೇ ಬರ್ಕೋತೀನಿ."

ಹೊರಗೆ ಬೆಂಚಿನ ಮೇಲೆ ಒಬ್ಬ ಅಜ್ಜ ತಮ್ಮ ಸರದಿಗೆ ಕಾಯುತ್ತ ಕೂತಿದ್ದರು. ಚೂಟಿ ಅವರ ಪಕ್ಕ ಕೂತಳು. ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ.

"ಶನಿವಾರ ರಾತ್ರೀನೂ ನನ್ನ ಹತ್ರಾನೇ ಇರ್ಲಿ," ಅಪ್ಪನ ದನಿ.

"ಹಾಗಾದ್ರೆ ಬುಧವಾರ ನಿಮಗಿಲ್ಲ."

"ಅದು ಹೇಗಾಗುತ್ತೆ? ಬುಧವಾರ ಸ್ವಿಮ್ಮಿಂಗಿಗೆ ಕರ್ಕೊಂಡು ಹೋಗೋನು ನಾನು!"

"ರಜೇಲಿ ಅರ್ಧ ನನಗೆ ಬೇಕೇ ಬೇಕು, ಈಗ್ಲೇ ಹೇಳಿದೀನಿ."

"ಒಬ್ಬೊಬ್ಬರಾಗಿ ಹೇಳ್ರಪ್ಪಾ!" ಲಾಯರಮ್ಮ ಮೇಜು ತಟ್ಟಿದರು.

ತರಕಾರಿ ಅಂಗಡಿಯಲ್ಲೂ ಅಮ್ಮ ಇಷ್ಟು ಚೌಕಾಸಿ ಮಾಡಿದ್ದನ್ನು ಚೂಟಿ ಕಂಡಿರಲಿಲ್ಲ. ಅಪ್ಪನಂತೂ ಯಾವ ಅಂಗಡಿಯಲ್ಲೂ ಚೌಕಾಸಿ ಮಾಡಿದವನೇ ಅಲ್ಲ. ಇಲ್ಲಿ ಇಬ್ಬರೂ ಒಂದು ಸಂಜೆ ಬಿಟ್ಟುಕೊಡಲೂ ತಯಾರಿಲ್ಲ.

ಅಜ್ಜ ಅವಳ ಕಡೆ ಬಾಗಿದರು. "ಏನಮ್ಮಾ, ಯಾವುದಕ್ಕೆ ಇಷ್ಟೊಂದು ಎಳೆದಾಟ? ಮನೆಗಾ? ಕಾರಿಗಾ?"

"ಅಲ್ಲ ತಾತಾ," ಎಂದಳು ಚೂಟಿ, ಕಾಲಾಡಿಸುತ್ತ. "ನನಗೆ!"