ತಾರ್ಮೊ ಬರೆದ ದೂರು

"ಅಂಕಿಅಂಶ ನೋಡಿಕೊಂಡ ಇಲ್ಪೊಗೂ ಥ್ಯಾಂಕ್ಸ್."

ಹೊಸ ಸಂಶೋಧನಾ ಕೇಂದ್ರಕ್ಕೆ ಮುಖ್ಯಸ್ಥೆಯಾದ ದಿನ ಸೈಮಿ ವಿಡಿಯೊ ಸಭೆಯ ಪರದೆಯ ಮೇಲೆ ನಗುತ್ತ ಹೇಳಿದ್ದು ಅಷ್ಟೇ. ಆ 'ಗೂ' ಮೀನಿನ ಮುಳ್ಳಿನಂತೆ ಇಲ್ಪೊನ ಗಂಟಲಲ್ಲಿ ಸಿಕ್ಕಿಕೊಂಡಿತು.

ಬೇರೆಬೇರೆ ಊರುಗಳಲ್ಲಿ ಕೂತು ಒಟ್ಟಿಗೆ ದುಡಿಯುವವರು ಒಬ್ಬರನ್ನೊಬ್ಬರು ಹೇಗೆ ನಂಬುತ್ತಾರೆ ಎಂಬುದು ಔಲು ಪಟ್ಟಣದ ಈ ಇಬ್ಬರ ಸಂಶೋಧನೆ. ಸಾವಿರಾರು ಜನರ ಉತ್ತರಗಳನ್ನು ಸಂಖ್ಯೆಗಿಳಿಸಿ ಕಣ್ಣು ಹಾಳುಮಾಡಿಕೊಂಡವನು ಇಲ್ಪೊ. ಸೈಮಿ ಮಾಡಿದ್ದು ಒಂದಿಷ್ಟು ಮಂದಿಯ ಜೊತೆ ಹರಟೆ. ಆದರೂ ಎಲ್ಲರ ಬಾಯಲ್ಲಿ ಅವಳ ಹೆಸರೇ.

ಅವಳ ಮಾತುಕತೆಗಳ ಬರಹ ಇನ್ನೂ ಅಚ್ಚಾಗಿರಲಿಲ್ಲ. ಅದನ್ನು ತೆರೆಯಬಲ್ಲವರು ಅವರಿಬ್ಬರೇ. ಇಲ್ಪೊ ಅದನ್ನು ನಿಧಾನವಾಗಿ ಓದಿ, ಅದರಲ್ಲಿ ಮಾತಾಡಿದವರ ಪೈಕಿ ತಾರ್ಮೊ ಎಂಬವನನ್ನು ಆರಿಸಿಕೊಂಡ. ಉತ್ತರದ ಕೊನೆಯ ಹಳ್ಳಿಯೊಂದರಿಂದ ಕೆಲಸ ಮಾಡುವವನು, ಒಮ್ಮೆಯೂ ಕ್ಯಾಮೆರಾ ಹಾಕದವನು. ಧ್ವನಿಮುದ್ರಣಗಳನ್ನೆಲ್ಲ ನಿಯಮದಂತೆ ಅಳಿಸಿಯಾಗಿತ್ತು. ಸೈಮಿಗೆ ಸಾಕ್ಷಿಯೆಂದರೆ ಅವಳ ಬಾಯಿಮಾತು ಮಾತ್ರ.

ಇಲ್ಪೊ ತನ್ನ ಜಾಡು ಸಿಗದಿರಲೆಂದು ರೈಲು ಹತ್ತಿ ಕೆಮಿ ಎಂಬ ಊರಿನ ಗ್ರಂಥಾಲಯಕ್ಕೆ ಹೋಗಿ, ತಾರ್ಮೊನ ಹೆಸರಲ್ಲಿ ಹೊಸ ಇಮೇಲ್ ತೆರೆದು ತಮ್ಮಿಬ್ಬರ ಮೇಲ್ವಿಚಾರಕಿ ಪ್ರೊಫೆಸರ್ ತೂಲಿಕ್ಕಿಯವರಿಗೆ ದೂರು ಬರೆದ. ಸೈಮಿ ಮಾತಾಡುತ್ತೇನೆಂದವಳು ಬರಲೇ ಇಲ್ಲ, ಆದರೂ ಮಾತಾಡಿದವರಿಗೆ ಕೊಡುವ ಕೃತಜ್ಞತೆಯ ಸಿನಿಮಾ ಟಿಕೆಟ್ ಮಾತ್ರ ತಪ್ಪದೆ ಬಂತು, ನನ್ನ ಬಾಯಿಗೆ ಏನೇನು ತುರುಕಿದ್ದಾಳೋ ಎಂದು. ಸಿನಿಮಾ ಟಿಕೆಟ್ಟಿನ ಮಾತು ಹೊಳೆದದ್ದಕ್ಕೆ ಅವನಿಗೇ ಅವನ ಮೇಲೆ ಮೆಚ್ಚುಗೆಯಾಯಿತು. ಅಲ್ಲಲ್ಲಿ ಬೇಕೆಂದೇ ಕಾಗುಣಿತವನ್ನೂ ತಪ್ಪಾಗಿ ಬರೆದ.

ವಾರ ಕಳೆದು ತೂಲಿಕ್ಕಿ ಇಬ್ಬರನ್ನೂ ಕರೆಸಿದರು. ತನ್ನ ಮೇಲೆ ದೂರು ಬಂದಿದೆ ಎಂದಷ್ಟೇ ತಿಳಿದಿದ್ದ ಸೈಮಿಯ ಮುಖ ಬಿಳಿಚಿಕೊಂಡಿತ್ತು. ಮೆಟ್ಟಿಲ ಬಳಿ ಇಲ್ಪೊ ಅವಳ ಭುಜ ತಟ್ಟಿ, "ಹೆದರ್ಬೇಡ, ನಾನಿದ್ದೀನಲ್ಲ" ಎಂದ. ಅಷ್ಟು ಹಿತವಾದ ಮಾತನ್ನು ಅವನು ಎಷ್ಟೋ ಕಾಲದಿಂದ ಆಡಿರಲಿಲ್ಲ.

ತೂಲಿಕ್ಕಿ ದೂರನ್ನು ಓದಿ ಹೇಳಿ, "ಯಾರಮ್ಮ ಈ ತಾರ್ಮೊ?" ಎಂದು ಕೇಳಿದರು.

ಸೈಮಿ ತಬ್ಬಿಬ್ಬಾದಳು. "ತಾರ್ಮೊ ಅಂತ ಯಾರೂ ಇಲ್ವಲ್ಲ. ಮಾತಾಡಿದೋರ ಗುರುತು ಸಿಗಬಾರದು ಅಂತ ಬರೆಯುವಾಗ ಎಲ್ಲರ ಹೆಸರೂ ಬದಲಾಯಿಸಿದ್ದೆ. ಏನು ಹೆಸರಿಟ್ಟೆ ಅಂತ ಅವರಿಗೂ ಹೇಳಿಲ್ಲ. ತಾರ್ಮೊ ನಮ್ಮಜ್ಜಿ ಮನೆ ಬೆಕ್ಕು." ತೂಲಿಕ್ಕಿ ಕಾಫಿ ಲೋಟ ಕೆಳಗಿಟ್ಟು, ಇಲ್ಪೊನ ಕಡೆ ತಿರುಗಿದರು.