ಜಿಂಕೆಗೆ ಕೊನೆಯ ತುತ್ತು

ಜೆಸ್ಸಿ ಆಂಟಿಯ ಕಾಡಿನಲ್ಲಿ ಗಂಡು ಜಿಂಕೆಯೊಂದು ಸತ್ತು ಬಿದ್ದಿತ್ತು. ಯಾರೋ ಜೋಪಾನವಾಗಿ ಮಲಗಿಸಿದ ಹಾಗೆ ಬಲಮಗ್ಗುಲಾಗಿ ಮಲಗಿತ್ತು. ಪಕ್ಕೆಯಲ್ಲಿ ಗುಂಡಿನ ತೂತು, ಬಾಯಲ್ಲಿ ಓಕ್ ಮರದ ಟಿಸಿಲು.

ಸ್ಯಾವಿಯೊ ಜಿಂಕೆಯಿಂದ ಹಿಂದೆ ಸರಿದು ನೋಡಿದ. ಅಲ್ಲಿಂದ ನಲವತ್ತು ಹೆಜ್ಜೆಗೆ ಒಂದು ಬೆಂಚು. ಮೂರು ವರ್ಷದ ಹಿಂದೆ ಆಂಟಿಯ ಗಂಡ ಡೀಟರ್ ಅದೇ ಬೆಂಚಿನ ಬುಡದಲ್ಲಿ ಬಿದ್ದಿದ್ದ. ಕಾಡುಹಂದಿಗೆ ಹಾರಿಸಿದ ಗುಂಡು ತಗುಲಿ, ನವೆಂಬರಿನ ಆ ರಾತ್ರಿಯೆಲ್ಲ ಅಲ್ಲೇ ಬಿದ್ದು ಚಳಿಗೆ ಹೆಪ್ಪುಗಟ್ಟಿ ಸತ್ತ. ಅಂದು ಬೇಟೆಗೆ ಬಂದಿದ್ದವರಲ್ಲಿ ಗುಂಡು ಯಾರದೆಂದು ಪತ್ತೆಯಾಗಲಿಲ್ಲ.

"ಡೀಟರೇ ಬಂದದ್ದು ಮಾರಾಯ," ಎಂದಳು ಆಂಟಿ. "ನಿನ್ನೆ ಸಂಜೆ ಗುಂಡಿನ ಶಬ್ದ ಆಯ್ತು. ನಾನು ಅಡುಗೆಮನೆಯಲ್ಲಿ ಮೇಜಿನ ಕೆಳಗೆ ಕೂತೆ. ಆಮೇಲೆ ತರಗೆಲೆ ಮೇಲೆ ಹೆಜ್ಜೆ. ನಡೀತಿತ್ತು, ನಿಲ್ತಿತ್ತು, ಪುನಃ ನಡೀತಿತ್ತು. ಎಂತದೋ ಹುಡುಕುವವರ ಹಾಗೆ. ಕಡೆಗೆ ಹಿತ್ತಲ ಗೇಟಿನ ಚಿಲಕ ತೆಗೆದ ಶಬ್ದ. ಆ ಚಿಲಕ ಡೀಟರ್ ಮಾಡಿದ್ದು. ಸಂದಿಯಲ್ಲಿ ಕೈ ತೂರಿಸಿ ಎತ್ತಬೇಕು. ಹೊರಗಿನವರಿಗೆ ಅದು ಬರುವುದಿಲ್ಲ."

ಸ್ಯಾವಿಯೊ ಜರ್ಮನಿಯ ಎರ್ಲಾಂಗೆನ್‌ನಲ್ಲಿ ಬಾಳಪ್ಪನ ಸೈಕಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಊರ ಕನ್ನಡಿಗರಿಗೆ ಏನು ಕಳೆದರೂ, ಯಾರ ಮೇಲೆ ಅನುಮಾನ ಬಂದರೂ ಬಾಳಪ್ಪನೇ ಬೇಕು. ಬಾಗಲಕೋಟೆಯ ಈ ಮನುಷ್ಯ ಮೊಳೆ ಹೊಡೆದಂತೆ ಮಾತಾಡುತ್ತಿದ್ದ. ಪೊಲೀಸರು ನೋಡದ್ದನ್ನು ನೋಡುತ್ತಿದ್ದ. ಸ್ಯಾವಿಯೊ ಫೋನ್ ಮಾಡಿ ಅರ್ಧ ಗಂಟೆಯೊಳಗೆ ಅವನು ಸೈಕಲ್ ತುಳಿದುಕೊಂಡು ಬಂದ.

ಅಷ್ಟರಲ್ಲಿ ಸುದ್ದಿ ಬೇಟೆ ಕಚೇರಿಗೆ ಹೋಗಿಯಾಗಿತ್ತು. ಹೇಳಿದವನು ಆ ಸೀಮೆಯ ಬೇಟೆಯನ್ನು ಗುತ್ತಿಗೆ ಹಿಡಿದ ಕ್ರಾಮರ್. ಡೀಟರ್ ಸತ್ತ ದಿನ ಬೇಟೆ ನಡೆಸಿದವನೂ ಅವನೇ.

ಆ ದೇಶದ ಕಾಯ್ದೆಯೇ ಹಾಗೆ. ಸಣ್ಣ ಜಮೀನಿನವರೆಲ್ಲ ಬೇಕೋ ಬೇಡವೋ ಊರಿನ ಬೇಟೆ ಸಂಘದ ಸದಸ್ಯರು. ಗುತ್ತಿಗೆದಾರ ಕೋವಿ ಹಿಡಿದು ಅವರ ಕಾಡಿಗೆ ನುಗ್ಗಬಹುದು. ಮನಸ್ಸಾಕ್ಷಿ ಒಪ್ಪುವುದಿಲ್ಲ ಎಂದು ಅರ್ಜಿ ಹಾಕಿ, ಕಚೇರಿ ಅದನ್ನು ನಂಬಿದರೆ ಮಾತ್ರ ಬಿಡುಗಡೆ. ಗಂಡ ಸತ್ತ ಕಾಡಿನಲ್ಲಿ ಇನ್ನೊಂದು ಗುಂಡು ಹಾರಬಾರದು ಎಂದು ಕೇಳಲು ಆಂಟಿ ಎರಡು ವರ್ಷ ಕಚೇರಿಯ ಮೆಟ್ಟಿಲು ಸವೆಸಿದ್ದಳು. ಬಿಡುಗಡೆ ಪತ್ರ ಬಂದು ಐದೇ ತಿಂಗಳು. ಈಗ ಕ್ರಾಮರ್ ಬರೆದಿದ್ದ: 'ಈಕೆ ತನ್ನವರಿಗೆ ಗುಟ್ಟಾಗಿ ಬೇಟೆಗೆ ಬಿಡುತ್ತಾಳೆ. ಪತ್ರ ರದ್ದು ಮಾಡಿ.'

"ಆ ನಾಯಿಯೇ ಹೊಡೆದು ಹಾಕಿದ್ದು!" ಸ್ಯಾವಿಯೊ ಹಲ್ಲು ಕಡಿದ. "ಅವನ ಕಾಲರ್ ಹಿಡಿದು ಕೇಳುವ, ಬನ್ನಿ."

"ಕಾಲರ್ ಆಮ್ಯಾಲೆ ಹಿಡಿ. ಮೊದಲ ಈ ಮರ ನೋಡು," ಎಂದ ಬಾಳಪ್ಪ.

ಪೈನ್ ಮರದ ಕಾಂಡದಲ್ಲಿ ಸೊಂಟದೆತ್ತರಕ್ಕೆ ಒಣಗಿದ ರಕ್ತ. ಅಂಥದೇ ಕಲೆ ಮತ್ತೊಂದು ಮರದಲ್ಲಿ, ಇನ್ನೊಂದರಲ್ಲಿ. ಆ ಸಾಲು ಹಿಡಿದು ಹೋದರೆ ಕಾಡು ಮುಗಿದು ಜೋಳದ ಹೊಲ ಬಂತು. ಬಾಳಪ್ಪ ತಿರುಗಿ ಬಂದು ಹಿತ್ತಲ ಗೇಟಿನ ಒಳಗಿದ್ದ ಓಕ್ ಮರವನ್ನು ನೋಡಿದ. ಕೈಗೆಟಕುವ ಕೊಂಬೆಯಲ್ಲಿ ಹಸಿ ಮುರಿತ. ಕಾಡಿನಲ್ಲಿ ಬೇರೆಲ್ಲೂ ಓಕ್ ಇರಲಿಲ್ಲ.

ಮಧ್ಯಾಹ್ನ ಆಂಟಿ ಊಟಕ್ಕೆ ಕೂರಿಸಿದಳು. ರಾಮದಾಸನೂ ಬಂದಿದ್ದ. ಉಡುಪಿಯವನು, ಇಂಜಿನಿಯರು, ಡೀಟರ್ ಸತ್ತಾಗ ಆಂಟಿಯ ಪಕ್ಕ ಒಂದು ವಾರ ಕೂತವನು. ಅವನ ತಟ್ಟೆಯಲ್ಲಿ ಅನ್ನ ಹಾಗೇ ಇತ್ತು.

"ಫ್ರೀಜರಿನ ಬಂಗುಡೆ, ಅದಕ್ಕೆ ರುಚಿ ಇಲ್ಲ," ಎಂದಳು ಆಂಟಿ. "ಈ ರಾಮದಾಸ ಏಪ್ರಿಲಿಂದ ಭಾನುವಾರ ಭಾನುವಾರ ಗಾಳ ಹಾಕ್ಲಿಕ್ಕೆ ಹೋಗ್ತಾನೆ. ಒಂದು ಮೀನಾದ್ರೂ ಕಾಣಿಸಿದ್ದಾನಾ ಕೇಳು!"

ಬಾಳಪ್ಪ ತಲೆಯೆತ್ತಿ ನೋಡಿದ. ಮತ್ತೆ ಮಜ್ಜಿಗೆ ಕುಡಿದ.

ಬುಧವಾರ ಸಂಜೆ ಬೆಂಚಿನ ಬಳಿ ಎಲ್ಲರೂ ಸೇರಿದರು. ಕಚೇರಿಯ ಅಧಿಕಾರಿಣಿ ಕಡತ ಹಿಡಿದು ನಿಂತಿದ್ದಳು. ಕ್ರಾಮರ್ ಹಸಿರು ಟೋಪಿಯಲ್ಲಿದ್ದ. ಬಾಳಪ್ಪ ಕರೆಸಿದ್ದನೆಂದು ರಾಮದಾಸನೂ ಬಂದಿದ್ದ. ಗಾಳಿಯಿರಲಿಲ್ಲ, ಆದರೂ ತರಗೆಲೆ ಸರಿದ ಸದ್ದಾಗುತ್ತಿತ್ತು. ಪ್ರತಿ ಸದ್ದಿಗೂ ಆಂಟಿ ತಿರುಗಿ ನೋಡುತ್ತಿದ್ದಳು.

"ಜಿಂಕಿಗೆ ಗುಂಡು ಬಿದ್ದದ್ದು ಜೋಳದ ಹೊಲದಾಗ," ಬಾಳಪ್ಪ ಶುರು ಮಾಡಿದ. ಸ್ಯಾವಿಯೊ ಅದನ್ನು ಜರ್ಮನ್‌ಗೆ ತಿರುಗಿಸುತ್ತ ಹೋದ. "ಅಲ್ಲಿಂದ ಓಡಿಬಂದು ಇಲ್ಲಿ ಸತ್ತೈತಿ. ರಕ್ತದ ಸಾಲೇ ಸಾಕ್ಷಿ. ಕಳ್ಳಬೇಟೆಯವ ಆಗಿದ್ರ ಮಾಂಸ ಬಿಡ್ತಿರಲಿಲ್ಲ. ಬಲಮಗ್ಗುಲ ಮಲಗಿಸಿ ಬಾಯಾಗ ಟಿಸಿಲು ಇಡೋದು ಇಲ್ಲಿ ಬೇಟೆಗಾರರ ಪದ್ಧತಿ, ಸತ್ತ ಪ್ರಾಣಿಗೆ ಕೊನೀ ತುತ್ತು. ಕ್ರಾಮರ್ ಸಾಹೇಬ್ರ, ನೀವಾದ್ರ ಯಾವ ಮರದ್ದು ಇಡತೀರಿ?"

"ಕೈಗೆ ಸಿಕ್ಕಿದ್ದು. ಪೈನ್ ಆದೀತು."

"ಜಿಂಕಿ ಬಿದ್ದದ್ದೇ ಪೈನ್ ಬುಡಕ್ಕ. ಅದನ್ನ ಬಿಟ್ಟು ಓಕ್ ತರಾಕ ಗೇಟಿನ ತನಕ ಹೋಗ್ಯಾನ. ಬೇಟೆ ಪರೀಕ್ಷೆಯ ಪುಸ್ತಕದಾಗ ಓಕ್ ಮೊದಲು ಬರದಾರ. ಅಂದ್ರ ಇವ ಹೊಸದಾಗಿ ಪರೀಕ್ಷೆ ಪಾಸಾದವ. ಗೇಟಿನ ಚಿಲಕನೂ ಗೊತ್ತು, ಅಂದ್ರ ಮನೀ ಮನುಷ್ಯ. ಏಪ್ರಿಲ್‌ನಾಗ ನನ್ನ ಅಂಗಡ್ಯಾಗ ಒಬ್ಬ ಸೈಕಲ್ಲಿಗೆ ಉದ್ದನ ಪೆಟ್ಟಿಗಿ ಕೂಡಿಸಿಕೊಂಡ. ಗಾಳದ ಕೋಲಿಗೆ ಅಂದ. ನಾನು ಮೀನು ತಿನ್ನಾವಲ್ಲ. ಆದ್ರೂ ಕೇಳತೀನಿ: ಉಡುಪಿ ಮನುಷ್ಯ ಐದು ತಿಂಗಳು ಮೀನು ಹಿಡಿದು ಒಂದು ಮೀನಿನ ಸುದ್ದೀನೂ ಹೇಳದ ಇರ್ತಾನೇನು?"

ಸ್ಯಾವಿಯೊನ ಜರ್ಮನ್ ಅರ್ಧಕ್ಕೇ ನಿಂತಿತು. ಎಲ್ಲರೂ ರಾಮದಾಸನ ಕಡೆ ನೋಡಿದರು.

"ಆಫೀಸಲ್ಲಿ ಎಲ್ರೂ ಹೋಗ್ತಾರೆ ಅಕ್ಕ," ಎಂದ ರಾಮದಾಸ. "ನಾನೂ ಅವರಲ್ಲಿ ಒಬ್ಬ ಆಗುವ ಅಂತ... ಕ್ರಾಮರ್ ಪರ್ಮಿಷನ್ ಕೊಟ್ಟಿದ್ರು. ಜಿಂಕೆ ನಿಮ್ಮ ಕಾಡಿಗೆ ಓಡಿತು. ರೂಲ್ ಪ್ರಕಾರ ಹಿಂದೆ ಹೋಗಬಹುದು, ಆದ್ರೆ ಮೊದಲು ನಿಮಗೆ ಹೇಳಬೇಕು. ಯಾವ ಮುಖ ಇಟ್ಟು ಫೋನ್ ಮಾಡಲಿ? ನನ್ನ ಕೈಯಲ್ಲಿ ಕೋವಿ ಇದೆ ಅಂತ ನಿಮಗೆ ಹೇಗೆ ಹೇಳಲಿ? ಕ್ರಾಮರ್‌ಗೆ ಮಾತ್ರ ಆ ರಾತ್ರಿಯೇ ಹೇಳಿದೆ."

"ನಿಮಗೆ ಗೊತ್ತಿತ್ತು!" ಸ್ಯಾವಿಯೊ ಕ್ರಾಮರ್‌ನತ್ತ ನುಗ್ಗಿದ. ಬಾಳಪ್ಪ ಅವನ ರಟ್ಟೆ ಹಿಡಿದ. ರಾಮದಾಸ ತಾನು ಹೇಳಿದ್ದನ್ನೇ ಜರ್ಮನ್‌ನಲ್ಲಿ ಅಧಿಕಾರಿಣಿಗೂ ಹೇಳಿದ.

"ಇವರ ಲೈಸೆನ್ಸಿನ ವಿಚಾರಣೆ ಆಗುತ್ತದೆ," ಎಂದಳು ಅಧಿಕಾರಿಣಿ. ಆಂಟಿಯ ಕಡೆ ತಿರುಗಿ, "ನಿಮ್ಮ ಪತ್ರ ಹಾಗೇ ಇರುತ್ತದೆ," ಎಂದಳು.

ಆಂಟಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಅವಳು ರಾಮದಾಸನ ಹತ್ತಿರ ಹೋದಳು. "ಆ ಹೆಜ್ಜೆ ನಿನ್ನದಾ?"

"ಹೌದಕ್ಕ. ಕತ್ತಲಾಗುವವರೆಗೆ ಹುಡುಕಿದೆ. ಅದು ನರಳ್ತಾ ಬಿದ್ದಿರಬಹುದು ಅಂತ ಬಿಟ್ಟು ಹೋಗ್ಲಿಕ್ಕೆ ಆಗಲಿಲ್ಲ. ಸಿಕ್ಕಾಗ ಸತ್ತಿತ್ತು, ನಿಮ್ಮನ್ನು ಕೇಳದೆ ಹೊತ್ತುಕೊಂಡು ಹೋಗ್ಲಿಕ್ಕೂ ಮನಸ್ಸಾಗಲಿಲ್ಲ."

ಆಂಟಿ ಅವನ ಭುಜ ಮುಟ್ಟಿದಳು. ಆಮೇಲೆ ಕ್ರಾಮರ್‌ನ ಎದುರು ನಿಂತು, ಜರ್ಮನ್‌ನಲ್ಲಿ, ಒಂದೊಂದೇ ಮಾತು ಇಟ್ಟಳು:

"ಇವನು ಒಂದು ಜಿಂಕೆಯನ್ನು ಹುಡುಕಿಕೊಂಡು ಬಂದ. ಡೀಟರ್ ಬಿದ್ದ ದಿನ ಬೇಟೆಯಲ್ಲಿ ನೀವು ಆರು ಜನ ಇದ್ದಿರಿ. ನಿಮ್ಮ ಗುಂಡು ಎಲ್ಲಿ ಹೋಯಿತೆಂದು ನೋಡಲು ಒಬ್ಬರಾದರೂ ಬಂದಿದ್ದರೆ, ನನ್ನ ಗಂಡ ಬದುಕುತ್ತಿದ್ದ."

ಕ್ರಾಮರ್ ಟೋಪಿ ತೆಗೆದ. ಅಧಿಕಾರಿಣಿ ಮುಚ್ಚಿದ ಕಡತವನ್ನು ಮತ್ತೆ ಬಿಚ್ಚಿ ಖಾಲಿ ಹಾಳೆ ತಿರುವಿದಳು.

"ಆರು ಹೆಸರು," ಎಂದಳು. "ಒಂದೊಂದಾಗಿ ಹೇಳಿ."

ತರಗೆಲೆಯ ಸದ್ದು ನಿಂತಿತ್ತು. ಕಾಡೆಲ್ಲ ಕಿವಿಗೊಟ್ಟು ಕೂತಂತೆ ಸ್ಯಾವಿಯೊಗೆ ಅನಿಸಿತು.