ಬಾಯ್ಲರ್ ಮುಂದೆ ಒಬ್ಬನೇ

ಹೆಬ್ಬೂರು ದಾಟಿದಾಗಿನಿಂದ ಆ ಬಿಳಿ ಬೊಲೆರೊ ನನ್ನ ಸ್ಕೂಟರಿನ ಬೆನ್ನಿಗೆ ಬಿದ್ದಿತ್ತು.

ಹಾರ್ನ್ ಇಲ್ಲ. ಓವರ್‌ಟೇಕ್ ಇಲ್ಲ. ಸುಮ್ಮನೆ ಹತ್ತಿರ... ಇನ್ನೂ ಹತ್ತಿರ.

ಹಿಂದಿನ ಸೀಟಿನಲ್ಲಿ ಮುದ್ದಯ್ಯ. ಕೊತ್ತಗೆರೆಯವನು, ಐವತ್ತೆಂಟರ ಬಡಕಲು ಆಸಾಮಿ. ಅವನ ಜೇಬಿನಲ್ಲೊಂದು ಫೋನ್. ಬೊಲೆರೊದವರಿಗೆ ಬೇಕಿದ್ದದ್ದು ಅದೇ.

"ಮೇಡಂ, ಗುದ್ಬುಡ್ತಾರೆ."

"ಗಟ್ಟಿಯಾಗಿ ಹಿಡ್ಕೊಳ್ಳಿ."

"ಏನ ಹಿಡ್ಕಳಾನ?"

"ನನ್ನೇ. ನಾಚಿಕೆ ಆಮೇಲೆ."

ನಾನು ಉಮಾಮಹೇಶ್ವರಿ. ಹದಿನೆಂಟು ವರ್ಷ ಪೊಲೀಸ್ ಕೆಲಸ ಮಾಡಿ ಬಿಟ್ಟವಳು. ಈಗ ತುಮಕೂರಿನಲ್ಲಿ ಒಂದು ರೂಮು, ಒಂದು ಬೋರ್ಡು: ಖಾಸಗಿ ತನಿಖೆ. ಕಂಪನಿಗಳಿಗೆ ಬೇಕಾದ ಸತ್ಯ ಹುಡುಕಿಕೊಡುವುದು ನನ್ನ ಕಸುಬು. ಸಿಗದಿದ್ದರೆ... ಸಿಗುವ ಹಾಗೆ ಮಾಡುವುದು. ನಾನು ಒಳ್ಳೆಯವಳು ಅಂತ ನಿಮಗೆ ಹೇಳುತ್ತಿಲ್ಲ.

ಮೂರು ವಾರದ ಹಿಂದೆ ಒಂದು ತೆಂಗಿನಕಾಯಿ ಪುಡಿ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿಯಿತು. ಅದನ್ನು ನೋಡಿಕೊಳ್ಳುತ್ತಿದ್ದ ಓಬಳಯ್ಯ ಅಲ್ಲೇ ಸತ್ತ. ಮಾರನೆಯ ದಿನ ಮ್ಯಾನೇಜರ್ ಜಯಪ್ರಕಾಶ್ ನನ್ನನ್ನು ಕರೆಸಿದ.

"ಓಬಳಯ್ಯ ಕುಡಿದಿದ್ದ ಅಂತ ರಿಪೋರ್ಟ್ ಬೇಕು ಮೇಡಂ."

"ಕುಡಿದಿದ್ನಾ?"

"ಬಾಯ್ಲರ್‌ಗೆ ಮೂರು ಜನ ಇದ್ರು. ಡಿಸೆಂಬರ್ ಒಳಗೆ ನೂರು ಜನ ಅರವತ್ತಾಗ್ಬೇಕು, ಉಳಿದೋರ ಸಂಬ್ಳ ಇಳೀಬೇಕು ಅಂದ್ರು ಇನ್ವೆಸ್ಟರ್ಸು. ಇಲ್ದಿದ್ರೆ ಫ್ಯಾಕ್ಟರಿ ಮುಚ್ತೀವಿ ಅಂದ್ರು. ನಾನು ಬಾಯ್ಲರ್‌ಗೆ ಒಬ್ನೇ ಸಾಕು ಅಂತ ಸಹಿ ಹಾಕ್ದೆ. ಅದು ಹೊರಗೆ ಬರ್ಬಾರ್ದು."

ನನ್ನ ಪ್ರಶ್ನೆಗೆ ಅದು ಉತ್ತರವಲ್ಲ. ಆದರೂ ಅರ್ಥವಾಯಿತು.

ಲೇಬರ್ ಕಾಂಟ್ರಾಕ್ಟರ್ ಚಂದ್ರು ಗುಬ್ಬಿಯ ಬಾರೊಂದರ ಕ್ಯಾಷಿಯರ್‌ನನ್ನು ಎಳೆದು ತಂದ. ಬಾಯ್ಲರ್ ಸಿಡಿಯುವ ಹಿಂದಿನ ಸಂಜೆ ಓಬಳಯ್ಯ ನಮ್ಮಲ್ಲಿ ಕುಡಿದ ಅಂತ ಕ್ಯಾಷಿಯರ್ ಸಹಿ ಹಾಕಿದ. ನಾನು ರಿಪೋರ್ಟ್ ಬರೆದೆ. ಉಂಡು ಮಲಗಿದೆ. ನಿದ್ದೆಯೂ ಬಂತು.

ಆಮೇಲೆ ಅದಕ್ಕೆ ಓಬಳಯ್ಯನ ಹೆಂಡತಿಯ ಒಪ್ಪಿಗೆ ಸಹಿ ಬೇಕೆಂದು ನಿಟ್ಟೂರಿಗೆ ಹೋದೆ. ಚಿಕ್ಕಗಂಗಮ್ಮ ರಿಪೋರ್ಟನ್ನು ಪೂರ್ತಿ ಓದಿಸಿಕೊಂಡಳು. ಅಳಲಿಲ್ಲ.

"ಯಾವತ್ತು ಸಂಜೆ ಕುಡುದ್ರು ಅಂದೆ ತಾಯಿ?"

"ಮಂಗಳವಾರ."

"ಮಂಗ್ಳಾರ ಸಂಜೆ ನಾನೇ ಫ್ಯಾಕ್ಟರಿ ಗೇಟ್‌ಗೆ ಬುತ್ತಿ ತಗೊಂಡೋಗಿದ್ದೆ. ಸೋಮ್ವಾರದಿಂದ ಮನೆಗೆ ಬಿಟ್ಟಿರ್ಲಿಲ್ಲ ಅವ್ರನ್ನ. ತೂಕಡಿಸ್ತಾ ನಿಂತ್ಕಂಡೇ ಉಂಡ್ರು. ನೀನು ಬರ್ದಿರೋದು ಇನ್ಯಾರ್ದೋ ಗಂಡನ್ ವಿಚಾರ ಇರ್ಬೇಕು."

ಹದಿನೆಂಟು ವರ್ಷದ ಸರ್ವಿಸಿನಲ್ಲಿ ಯಾರೂ ನನ್ನನ್ನು ಹಾಗೆ ಹೊಡೆದಿರಲಿಲ್ಲ.

ಮುದ್ದಯ್ಯನ ಹೆಸರು ಹೇಳಿದ್ದು ಅವಳೇ. ಬಾಯ್ಲರಿನಿಂದ ತೆಗೆದುಹಾಕಿದ ಇಬ್ಬರಲ್ಲಿ ಒಬ್ಬ. ಓಬಳಯ್ಯ ಕೊನೆಯದಾಗಿ ಫೋನ್ ಮಾಡಿದ್ದು ಅವನಿಗೆ. ಮುದ್ದಯ್ಯನ ಫೋನಿನಲ್ಲಿ ಪ್ರತಿ ಕರೆಯೂ ತಾನಾಗೇ ರೆಕಾರ್ಡ್ ಆಗುತ್ತಿತ್ತು.

ತುಮಕೂರಿನಲ್ಲಿ ಕಾರ್ಖಾನೆ ಇನ್ಸ್‌ಪೆಕ್ಟರ್ ಮುಂದೆ ವಿಚಾರಣೆ ಇವತ್ತು ಮಧ್ಯಾಹ್ನ ಮೂರಕ್ಕೆ. ನಾನು ಮುದ್ದಯ್ಯನನ್ನು ಅಲ್ಲಿಗೆ ಕರೆತರುವ ಸುದ್ದಿ ಚಂದ್ರುವಿಗೆ ಹೇಗೆ ಮುಟ್ಟಿತೋ, ಬೆಳಿಗ್ಗೆಯೇ ಫೋನ್ ಮಾಡಿದ.

"ಉಮಕ್ಕ, ಕುಣಿಗಲ್ ರೋಡು ಸರಿ ಇಲ್ವಂತೆ. ಹುಷಾರು."

ಈಗ ಅವನ ಬೊಲೆರೊದ ಬಂಪರ್ ನನ್ನ ನಂಬರ್ ಪ್ಲೇಟಿಗೆ ತಾಗಿತು. ಸ್ಕೂಟರ್ ಓಲಾಡಿತು.

ಮುಂದೆ ರಸ್ತೆಯಗಲಕ್ಕೂ ಹುರುಳಿ ಬಳ್ಳಿ ಹರಡಿದ್ದರು. ಒಕ್ಕಣೆ ಕೆಲಸ ಹೋಗಿಬರುವ ಗಾಡಿಗಳದ್ದು. ಸ್ಕೂಟರಿನಲ್ಲಿ ಅದರ ಮೇಲೆ ಹೋದರೆ ಜಾರಿ ಬೀಳುವುದು ಖಂಡಿತ. ನಾನು ಅಂಚಿನ ಮಣ್ಣಿಗೆ ಇಳಿಸಿದೆ. ಮುದ್ದಯ್ಯನ ಉಗುರು ನನ್ನ ಸೊಂಟಕ್ಕೆ ನಾಟಿತು.

ಬೊಲೆರೊ ಅದೇ ವೇಗದಲ್ಲಿ ಹುರುಳಿಯ ಮೇಲೆ ನುಗ್ಗಿತು.

ಒಣ ಬಳ್ಳಿ ಗಾಡಿಯಡಿಯ ಬಿಸಿ ಸೈಲೆನ್ಸರಿಗೆ ಸುತ್ತಿಕೊಂಡಿತು. ಮೊದಲು ಕರಕರ ಸದ್ದು. ಹೊಗೆ. ಆಮೇಲೆ ಬೆಂಕಿ.

"ನಿಲ್ಸಿ ಮೇಡಂ. ಒಳ್ಗಡೆ ಜನ ಅವ್ರೆ."

"ನಮ್ಮನ್ನ ಸಾಯ್ಸಕ್ಕೆ ಬಂದೋರು ಕಣ್ರೀ."

"ಆದ್ರೂವೆ."

ನಿಲ್ಲಿಸಿದೆ. ಚಂದ್ರು, ಅವನ ಡ್ರೈವರ್, ಇಬ್ಬರೂ ಹಾರಿ ಗದ್ದೆಯಲ್ಲಿ ಬಿದ್ದರು. ಅದನ್ನು ಕಂಡ ಮೇಲೇ ಮುದ್ದಯ್ಯ ಹೊರಡಲು ಬಿಟ್ಟದ್ದು.

ಮೂರಕ್ಕೆ ಐದು ನಿಮಿಷ. ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಫೋನ್ ಇಟ್ಟೆವು. ಈ ಕಡೆ ಜಯಪ್ರಕಾಶ್, ಆ ಕಡೆ ಚಿಕ್ಕಗಂಗಮ್ಮ. ಸತ್ತವನು ಮಾತಾಡಿದ.

"ಮುದ್ದಣ್ಣ, ನಿದ್ದೆ ತಡೆಯಕ್ಕಾಯ್ತಿಲ್ಲ ಕಣೋ. ನೀರಿನ ಮಟ್ಟ ಎರಡೆರಡಾಗಿ ಕಾಣ್ತಾ ಐತೆ. ಬಾಯ್ಲರ್ ಆರುಸ್ತೀನಿ ಅಂದ್ರೆ ಸಾಹೇಬ್ರು ಬ್ಯಾಡ ಅಂತಾರೆ. ನೀನು ಸುಮ್ಕೆ ಮಾತಾಡ್ತಿರು... ನಾನು ಎಚ್ರ ಇರ್ತೀನಿ."

ಮಾತು ತೊದಲಿರಲಿಲ್ಲ. ಸುಸ್ತಾಗಿತ್ತು, ಅಷ್ಟೆ. ಚಿಕ್ಕಗಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನನ್ನ ರಿಪೋರ್ಟ್ ಸುಳ್ಳು. ಗೊತ್ತಿದ್ದೇ ಬರೆದೆ," ಅಂದೆ. ಇನ್ಸ್‌ಪೆಕ್ಟರ್ ಅದನ್ನೂ ಬರೆದುಕೊಂಡರು. ಅಲ್ಲಿಗೆ ನನ್ನ ಬೋರ್ಡಿನ ಕತೆ ಮುಗಿಯಿತು. ಓಬಳಯ್ಯನ ಹೆಸರಿನ ಮೇಲಿದ್ದ ಕುಡುಕನೆಂಬ ಮಾತೂ ಹೋಯಿತು, ಕಂಪನಿಯ ಮೇಲೆ ಕೇಸೂ ಆಯಿತು. ಹೊರಗೆ ಬಂದ ಚಿಕ್ಕಗಂಗಮ್ಮ ಮುದ್ದಯ್ಯನಿಗೆ ಕೈಮುಗಿದಳು. ನನಗೆ ಮುಗಿಯಲಿಲ್ಲ. ಸರಿಯೇ.

ವಾರದ ನಂತರ ಬೋರ್ಡ್ ಇಳಿಸುತ್ತಿದ್ದಾಗ ಫೋನ್ ಬಂತು. ಇನ್ವೆಸ್ಟರ್‌ಗಳ ಬೆಂಗಳೂರು ಆಫೀಸಿನಿಂದ ಮೋನಿಕಾ ಅಂತೆ. ಬೆಣ್ಣೆಯಂಥ ದನಿ. ಇಲ್ಲಿ ನಡೆದದ್ದು ಅವಳಿಗಿನ್ನೂ ಪೂರ್ತಿ ಗೊತ್ತಿರಲಿಲ್ಲ.

"ಜಯಪ್ರಕಾಶ್ ಅವ್ರನ್ನ ತೆಗೀತಾ ಇದೀವಿ ಮೇಡಂ. ಅವರ ಕಡೆಯಿಂದ ಏನು ತಪ್ಪಾಗಿದೆ ಅಂತ ನಮಗೊಂದು ರಿಪೋರ್ಟ್ ಬೇಕಿತ್ತು."

"ಬರ್ಕೊಳ್ಳಮ್ಮ," ಅಂದೆ. "ಒಂದೇ ತಪ್ಪು. ನೀವು ಹೇಳ್ದಂಗೆ ಕೇಳ್ದ."